ಹಣೆಬರಹವಲ್ಲ, ಹೊಸ್ತಿಲು

"ಬಚ್ಚಲಲ್ಲಿ ಜಾರಿ ಬಿದ್ದರು, ಆಮೇಲೆ ಏಳಲೇ ಇಲ್ಲ." ಅರಳಗುಪ್ಪೆಯ ಸುತ್ತಿನ ಹಳ್ಳಿಗಳಲ್ಲಿ ಈ ಮಾತನ್ನು ಕೇಳದವರು ವಿರಳ. ವಯಸ್ಸಾಗಿತ್ತು, ಹಣೆಬರಹ ಎಂದು ಹೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ತಪ್ಪೆಂದೇ ನಮ್ಮ ಅಭಿಪ್ರಾಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಶೇಕಡಾ 80ಕ್ಕೂ ಹೆಚ್ಚಿನವರು ನಮ್ಮಂತಹ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳವರು. ಆಸ್ಪತ್ರೆಯಲ್ಲಿ ಕೈ ಹಿಡಿಯಲು ದಾದಿಯಿರುತ್ತಾರೆ. ಮನೆಗೆ ಬಂದ ರೋಗಿಗೆ ಎದುರಾಗುವುದು ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಬಚ್ಚಲ ಕಲ್ಲು, ಕಾಯಿ ಸುಲಿದ ಅಂಗಳದಲ್ಲಿ ಹರಡಿದ ಮಟ್ಟೆ, ಕರೆಂಟಿಲ್ಲದ ಇರುಳು.

ಅಪಾಯವನ್ನು ಮೊದಲೇ ಅಳೆಯಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಮೂರು ಪ್ರಶ್ನೆಗಳು ಸಾಕು: ಕಳೆದ ಒಂದು ವರ್ಷದಲ್ಲಿ ಬಿದ್ದಿರಾ? ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಬೀಳುವ ಅಂಜಿಕೆ ಇದೆಯೇ? ಒಂದಕ್ಕೆ 'ಹೌದು' ಎಂದರೂ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಪರೀಕ್ಷೆಯೂ ಸುಲಭ. ರೋಗಿಯು ಕುರ್ಚಿಯಿಂದ ಎದ್ದು ಹತ್ತು ಅಡಿ ನಡೆದು, ತಿರುಗಿ ಬಂದು ಕುಳಿತುಕೊಳ್ಳಲಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿದರೆ ಎಚ್ಚರ ಅಗತ್ಯ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ತಲೆ ಸುತ್ತಬಹುದು. ಅವನ್ನು ತಾವಾಗಿ ನಿಲ್ಲಿಸದೆ, ಎಲ್ಲವನ್ನೂ ಒಟ್ಟಾಗಿ ವೈದ್ಯರಿಗೆ ತೋರಿಸಬೇಕು.

ಆದರೆ ಈ ಪ್ರಶ್ನೆಗಳಿಗೆ ನಿಜವಾದ ಉತ್ತರ ಸುಲಭವಾಗಿ ದೊರಕದು. ಬಿದ್ದದ್ದನ್ನು ಹಿರಿಯರು ಮಕ್ಕಳಿಂದ ಮರೆಮಾಡುತ್ತಾರೆ. ಭಾರವಾದೆವೆಂಬ ಅಳುಕು ಒಂದು ಕಾರಣ. 'ಇನ್ನು ಮಂಚ ಬಿಟ್ಟು ಏಳಬೇಡಿ' ಎಂಬ ಆಜ್ಞೆಯ ಭಯ ಇನ್ನೊಂದು. ಆ ಆಜ್ಞೆ ಪ್ರೀತಿಯಿಂದಲೇ ಬಂದಿದ್ದರೂ ಅಪಾಯಕರ. ನಡೆಯದ ಕಾಲು ಬಲಗುಂದುತ್ತದೆ. ಬಲಗುಂದಿದ ಕಾಲು ಮತ್ತೆ ಬೀಳಿಸುತ್ತದೆ. ಅವರ ನಡಿಗೆಯನ್ನು ನಿಲ್ಲಿಸುವುದಲ್ಲ, ನಡೆಯುವ ಹಾದಿಯನ್ನು ಸರಿಪಡಿಸುವುದು ನಮ್ಮ ಕರ್ತವ್ಯ. ಬಚ್ಚಲ ಗೋಡೆಗೊಂದು ಹಿಡಿಕೆ, ಊರುಗೋಲಿನ ತುದಿಗೆ ರಬ್ಬರು, ದಿಂಬಿನ ಬಳಿ ಟಾರ್ಚು, ಏಳುವ ಮುನ್ನ ಹಾಸಿಗೆಯಂಚಿನಲ್ಲಿ ಒಂದೆರಡು ನಿಮಿಷ ಕುಳಿತಿರುವ ಅಭ್ಯಾಸ: ಇವುಗಳಿಗೆ ತಗಲುವ ವೆಚ್ಚವೆಷ್ಟು? ತಿಂಗಳುಗಟ್ಟಲೆ ಅಟ್ಟದ ಕಾಯಿಯನ್ನು ಜತನ ಮಾಡಿ ಕೊಬ್ಬರಿ ಪಡೆಯುವ ನಾಡು ನಮ್ಮದು. ಮನೆಯ ಹಿರಿಯರ ಹೆಜ್ಜೆಗೆ ಅಷ್ಟೇ ಜತನ ಸಲ್ಲಬಾರದೇ?

1992ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಆ ದಿನ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಪರಮಪ್ರಸಾದದೊಡನೆ ಅವರ ಮನೆಗೆ ಹೋಗುವವರೂ, ಹಣ್ಣು ಹಿಡಿದು ನೋಡಬರುವ ನೆರೆಯವರೂ ಪ್ರಾರ್ಥನೆ ಮುಗಿದೊಡನೆ ಹೊರಡದಿರಲಿ. ಮಕ್ಕಳಿಗೆ ಹೇಳದ್ದನ್ನು ಹಿರಿಯರು ಅತಿಥಿಗೆ ಹೇಳಿಯಾರು. ಆ ಮೂರು ಪ್ರಶ್ನೆಗಳನ್ನು ಮೆಲ್ಲಗೆ ಕೇಳಿ, ಬಚ್ಚಲವರೆಗೆ ಒಮ್ಮೆ ನಡೆದು ನೋಡಿ ಬರೋಣ.