ಸೀರೆ ಪೆಟ್ಟಿಗೆಯಲ್ಲೇ ಇರಬೇಕೇ?

ಮಕ್ಕಳೇ, ನಮ್ಮ ಹೊಸೂರು ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆಗಳು ಕೇಳಿಬರುತ್ತವೆ. ಕನ್ನಡದವರು 'ಸೀರೆ' ಎನ್ನುತ್ತಾರೆ. ತೆಲುಗಿನವರು 'ಚೀರ' ಎನ್ನುತ್ತಾರೆ. ತಮಿಳಿನವರು 'ಸೇಲೈ' ಅಥವಾ 'ಪುಡವೈ' ಎನ್ನುತ್ತಾರೆ. ಹೆಸರು ಬೇರೆಯಾದರೂ ಬಟ್ಟೆ ಒಂದೇ. ತೊರಪಲ್ಲಿ ಅಗ್ರಹಾರದ ಹೊಲದಲ್ಲಿ ಕಳೆ ಕೀಳುವ ತಾಯಿಯೂ ಸೀರೆ ಉಡುತ್ತಾಳೆ. ಹಸೆಮಣೆಯ ಮೇಲೆ ಕುಳಿತ ಮದುಮಗಳೂ ಸೀರೆ ಉಡುತ್ತಾಳೆ. ನಿಮ್ಮಲ್ಲಿ ಎಷ್ಟೋ ಮಂದಿ ಕೂಸಾಗಿದ್ದಾಗ ಅಮ್ಮನ ಹಳೆಯ ಸೀರೆಯ ಜೋಲಿಯಲ್ಲಿಯೇ ಮಲಗಿದ್ದಿರಿ.

ಈಗ ಕಾಲ ಬದಲಾಗಿದೆ. ಅಕ್ಕಂದಿರು ಕಾಲೇಜಿಗೆ ಚೂಡಿದಾರ ತೊಟ್ಟು ಹೋಗುತ್ತಾರೆ. ಕಾರ್ಖಾನೆಗೆ ಹೋಗುವವರು ಪ್ಯಾಂಟು, ಅಂಗಿ ಹಾಕಿಕೊಳ್ಳುತ್ತಾರೆ. ಲಂಗ ದಾವಣಿಯನ್ನು ಹಬ್ಬ ಮದುವೆಗಳಲ್ಲಿ ಮಾತ್ರ ಕಾಣುತ್ತೇವೆ. ಅಜ್ಜಿಯ ರೇಷ್ಮೆ ಸೀರೆ ಪೆಟ್ಟಿಗೆ ಸೇರಿದೆ. ಇದನ್ನು ಕಂಡು ಜನರು ಎರಡು ಬಗೆಯ ಮಾತನ್ನು ಆಡುತ್ತಾರೆ. "ಸೀರೆ ಹಳೆಯ ಕಾಲದ್ದು, ಈ ಕಾಲದ ಓಟಕ್ಕೆ ಅದು ಅಡ್ಡಿ" ಎಂದು ಕೆಲವರು ಹೇಳುತ್ತಾರೆ. "ಸೀರೆ ಬಿಟ್ಟ ಹುಡುಗಿ ನಮ್ಮ ಸಂಸ್ಕೃತಿಯನ್ನೇ ಬಿಟ್ಟಳು" ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಸರಿಯಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಸೀರೆ ಎಂದೂ ಒಂದೇ ರೀತಿಯಲ್ಲಿ ಇರಲಿಲ್ಲ. ಹಿಂದೆ ಅನೇಕ ಕಡೆ ಹೆಂಗಸರು ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ಕಚ್ಚೆ ಹಾಕಿದರೆ ಕಾಲುಗಳಿಗೆ ತೊಡಕಿಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಬಹುದು, ಬೆಟ್ಟ ಹತ್ತಬಹುದು. ಕೊಡಗಿನ ಹೆಂಗಸರು ನೆರಿಗೆಯನ್ನು ಹಿಂಬದಿಗೆ ಬರುವಂತೆ ಉಡುತ್ತಾರೆ. ನಾವು ಇಂದು ಎಲ್ಲೆಡೆ ಕಾಣುವ ಉಡುವಿಕೆಗೆ ಒಳಲಂಗ ಬೇಕು, ಹೊಲಿದ ರವಿಕೆಯೂ ಬೇಕು. ಇದು ಬಹಳ ಹಳೆಯದಲ್ಲ. ಬಂಗಾಳದ ಠಾಕೂರರ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಗೆ ಹೋದರು. ಅಲ್ಲಿ ಪಾರಸಿ ಹೆಂಗಸರು ಸೀರೆ ಉಡುವ ರೀತಿಯನ್ನು ನೋಡಿದರು. ಮನೆಯಿಂದ ಹೊರಗೆ ಹೋಗಿ ನಾಲ್ಕು ಜನರ ನಡುವೆ ಓಡಾಡಲು ಅನುಕೂಲವಾಗುವಂತೆ ತಾವೂ ಒಂದು ರೀತಿಯನ್ನು ರೂಢಿಗೆ ತಂದರು. ಹೊರಗಿನ ಬದುಕಿಗೆ ಕಾಲಿಟ್ಟ ಹೆಣ್ಣುಮಗಳು ಸೀರೆಯನ್ನು ಎಸೆಯಲಿಲ್ಲ. ಅದನ್ನು ತನ್ನ ಬದುಕಿಗೆ ಹೊಂದಿಸಿಕೊಂಡಳು. ನಾವು 'ಸಂಪ್ರದಾಯ' ಎಂದು ಕರೆಯುವುದು ಹೀಗೆ ಬದಲಾಗುತ್ತಲೇ ನಮ್ಮವರೆಗೆ ಬಂದಿದೆ.

ಎರಡನೆಯದಾಗಿ, ಸೀರೆ ಹೊಸ ಕಾಲದ ಕೆಲಸಕ್ಕೆ ಅಡ್ಡಿ ಎಂಬ ಮಾತು. 2014ರ ಸೆಪ್ಟೆಂಬರ್ 24ರಂದು ನಮ್ಮ ದೇಶದ ಮಂಗಳಯಾನ ನೌಕೆಯು ಮಂಗಳ ಗ್ರಹದ ಕಕ್ಷೆಯನ್ನು ಸೇರಿತು. ಆ ದಿನ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಸಂತೋಷದಿಂದ ನಗುತ್ತಿದ್ದ ಚಿತ್ರವೊಂದು ಜಗತ್ತಿನ ಎಲ್ಲೆಡೆ ಹರಡಿತು. ಬೆಂಗಳೂರು ನಮ್ಮ ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಸೀರೆ ಉಟ್ಟವರು ಮಂಗಳ ಗ್ರಹದವರೆಗೆ ಲೆಕ್ಕ ಹಾಕಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗೆಂದು ಎಲ್ಲ ಕೆಲಸಕ್ಕೂ ಸೀರೆಯೇ ಸರಿ ಎಂದು ನಾನು ಹೇಳುವುದಿಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ತಿರುಗುವ ಯಂತ್ರದ ಮುಂದೆ ನಿಂತವಳಿಗೆ ಇಳಿಬಿದ್ದ ಸೆರಗು ಅಪಾಯ ತರುತ್ತದೆ. ಮೋಟಾರು ಬೈಕಿನ ಹಿಂದೆ ಕುಳಿತವರ ಸೆರಗೋ ದುಪಟ್ಟವೋ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು. ಕಬಡ್ಡಿ ಆಡುವ ಹುಡುಗಿಗೆ ಆಟದ ಉಡುಪೇ ಬೇಕು. ಯಾವ ಕೆಲಸಕ್ಕೆ ಯಾವ ಉಡುಪು ಎಂಬುದನ್ನು ಆ ಕೆಲಸ ಮಾಡುವವಳೇ ತೀರ್ಮಾನಿಸಬೇಕು. ತಮಿಳುನಾಡು ಸರಕಾರವು 2019ರಲ್ಲಿ ಹೊರಡಿಸಿದ ಆದೇಶದಲ್ಲಿಯೂ ಕಚೇರಿಯ ಮಹಿಳೆಯರು ಸೀರೆಯನ್ನಾಗಲಿ, ಸಲ್ವಾರ್ ಕಮೀಜ್ ಅಥವಾ ಚೂಡಿದಾರವನ್ನಾಗಲಿ ಧರಿಸಬಹುದು ಎಂದಿದೆ.

ಇಲ್ಲಿ ಹುಡುಗರನ್ನೂ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮುತ್ತಜ್ಜ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತುತ್ತಿದ್ದರು. ನಿಮ್ಮ ಅಪ್ಪ ಪ್ಯಾಂಟು ಹಾಕುತ್ತಾರೆ. ನೀವು ಚಡ್ಡಿ, ಪ್ಯಾಂಟು ಹಾಕುತ್ತೀರಿ. "ಪಂಚೆ ಬಿಟ್ಟು ಸಂಸ್ಕೃತಿ ಮರೆತೆ" ಎಂದು ನಿಮ್ಮನ್ನು ಯಾರಾದರೂ ಗದರಿಸಿದ್ದಾರೆಯೇ? ಇಲ್ಲ. ಹಾಗಿದ್ದರೆ ಆ ಮಾತನ್ನು ನಿಮ್ಮ ಅಕ್ಕತಂಗಿಯರಿಗೆ ಮಾತ್ರ ಏಕೆ ಹೇಳಬೇಕು? ಸಂಸ್ಕೃತಿಯನ್ನು ಕಾಯುವುದು ಒಳ್ಳೆಯ ಕೆಲಸವಾದರೆ ಅದು ಮನೆಯ ಎಲ್ಲರ ಕೆಲಸ. ಒಬ್ಬರು ಹೊತ್ತು, ಉಳಿದವರು ನೋಡುತ್ತ ಕೂರುವುದು ನ್ಯಾಯವಲ್ಲ. ಒಬ್ಬ ಹುಡುಗಿಯ ಗುಣವನ್ನು ಅವಳು ತೊಟ್ಟ ಬಟ್ಟೆಯಿಂದ ಅಳೆಯುವುದಂತೂ ದೊಡ್ಡ ತಪ್ಪು.

"ಇಷ್ಟೆಲ್ಲ ಹೇಳಿದ ಮೇಲೆ ಸೀರೆಯನ್ನು ಏಕೆ ಉಳಿಸಬೇಕು? ಹೋದರೆ ಹೋಗಲಿ ಬಿಡಿ" ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ನಮ್ಮ ಹೊಲಗಳಲ್ಲಿಯೇ ಇದೆ. ಹೊಸೂರು, ಡೆಂಕಣಿಕೋಟೆಗಳ ಸುತ್ತಮುತ್ತ ಹಿಪ್ಪುನೇರಳೆ ತೋಟಗಳನ್ನು ನೀವು ಕಂಡಿರುವಿರಿ. ಆ ಸೊಪ್ಪನ್ನು ತಿಂದ ರೇಷ್ಮೆಹುಳು ಗೂಡು ಕಟ್ಟುತ್ತದೆ. ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆ ಸಿಗುತ್ತದೆ. ರೇಷ್ಮೆಹುಳು ಮತ್ತು ಹಿಪ್ಪುನೇರಳೆಯ ಬೇರೆ ಬೇರೆ ತಳಿಗಳನ್ನು ಕಾಪಾಡುವ ಕೇಂದ್ರ ಸರಕಾರದ ಸಂಸ್ಥೆಯೂ ಹೊಸೂರಿನಲ್ಲಿದೆ. ಸೊಪ್ಪು ಬೆಳೆಯುವ ರೈತ, ಹುಳು ಸಾಕುವ ತಾಯಿ, ನೂಲು ತೆಗೆಯುವವರು, ಬಣ್ಣ ಹಾಕುವವರು, ನೇಕಾರರು, ಅಂಗಡಿಯವರು ಹೀಗೆ ಎಷ್ಟೋ ಕೈಗಳು ದುಡಿದ ಮೇಲೆ ಒಂದು ರೇಷ್ಮೆ ಸೀರೆ ಮಡಿಕೆಯಾಗಿ ನಮ್ಮ ಮುಂದೆ ಬರುತ್ತದೆ.

ನೇಕಾರರ ಜಾಣ್ಮೆಯನ್ನೂ ನೋಡಿರಿ. ಕಾಂಚೀಪುರದಲ್ಲಿ ಸೀರೆಯ ಒಡಲನ್ನೂ ಅಂಚನ್ನೂ ಬೇರೆ ಬೇರೆ ಲಾಳಿಗಳಿಂದ ನೇಯ್ದು, ಎರಡೂ ಬಿಡದಂತೆ ಹೆಣೆಯುತ್ತಾರೆ. ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಒಡಲಿನ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಕುಣಿಕೆ ಹಾಕಿ ಸೇರಿಸುತ್ತಾರೆ. ಇಳಕಲ್ಲ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರಗಳ ಸಾಲು ಕಾಣುತ್ತದೆ. ಅದರ ಜೊತೆಗೆ ಗುಳೇದಗುಡ್ಡದ ಕಣದ ರವಿಕೆ ತೊಡುವುದು ಅಲ್ಲಿಯ ವಾಡಿಕೆ. ಧಾರವಾಡದ ಕಡೆಯ ಹೆಂಗಸರು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿಯಿಂದ ಕಸೂತಿ ಹಾಕುತ್ತಾರೆ. ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಅದರಲ್ಲಿ ಮೂಡುತ್ತವೆ. ಈ ವಿದ್ಯೆಗಳನ್ನು ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಕೊಳ್ಳುವವರು ಇಲ್ಲವಾದರೆ ಕಲಿಯುವವರೂ ಇಲ್ಲವಾಗುತ್ತಾರೆ. ಒಮ್ಮೆ ಮರೆತರೆ ಅದನ್ನು ಮತ್ತೆ ಹೇಳಿಕೊಡುವವರು ಸಿಗುವುದಿಲ್ಲ.

2019–20ರ ಕೈಮಗ್ಗ ಗಣತಿಯಂತೆ ನಮ್ಮ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಕೈಮಗ್ಗದ ಕೆಲಸದಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ವಿದ್ಯುತ್ ಮಗ್ಗವು ಕಡಿಮೆ ಸಮಯದಲ್ಲಿ ಹೆಚ್ಚು ಬಟ್ಟೆ ನೇಯುತ್ತದೆ, ಬೆಲೆಯೂ ಕಡಿಮೆ. ಅದರೊಡನೆ ಸ್ಪರ್ಧಿಸುವುದು ಕೈಮಗ್ಗದವರಿಗೆ ಕಷ್ಟ. ಆದುದರಿಂದ ಸೀರೆಯ ಮಾತು ಬರಿಯ ಅಂದಚೆಂದದ ಮಾತಲ್ಲ. ಅದು ಅನ್ನದ ಮಾತು.

ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮ ತೊರಪಲ್ಲಿಯಲ್ಲಿಯೇ ಹುಟ್ಟಿದ ರಾಜಾಜಿಯವರು. ಅವರು 1878ರ ಡಿಸೆಂಬರ್ 10ರಂದು ಇಲ್ಲಿ ಜನಿಸಿದರು. ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಅದಕ್ಕೂ ಬಹಳ ಮೊದಲು, 1925ರಲ್ಲಿ, ತಿರುಚೆಂಗೋಡಿನ ಬಳಿಯ ಪುದುಪಾಳಯಂ ಎಂಬಲ್ಲಿ ಗಾಂಧಿ ಆಶ್ರಮವನ್ನು ಆರಂಭಿಸಿದರು. ಮಳೆಯಿಲ್ಲದೆ ಬೆಳೆ ಕೈಕೊಟ್ಟ ಹಳ್ಳಿಗಳ ಹೆಂಗಸರು ಅಲ್ಲಿ ನೂಲು ತೆಗೆದು ಕೂಲಿ ಪಡೆದರು. ಖಾದಿ ಕೊಂಡವರು ಬಟ್ಟೆಯ ಜೊತೆಗೆ ಒಂದು ಮನೆಯ ಒಲೆಯನ್ನೂ ಉರಿಸಿದಂತಾಯಿತು. ತಮಿಳುನಾಡು ಸರಕಾರವು 1983ರಲ್ಲಿ ಆರಂಭಿಸಿದ ಪೊಂಗಲ್ ಹಬ್ಬದ ಉಚಿತ ಪಂಚೆ ಸೀರೆ ಯೋಜನೆಯಲ್ಲಿಯೂ ಬಡವರಿಗೆ ಬಟ್ಟೆ, ನೇಕಾರರಿಗೆ ಕೆಲಸ ಎಂಬ ಎರಡು ಉದ್ದೇಶಗಳಿವೆ.

ಈಗ ಸ್ವಲ್ಪ ದೂರದ ದೇಶವೊಂದನ್ನು ನೋಡೋಣ. ತಮಿಳುನಾಡಿನಿಂದ ಹಿಂದೆ ಅನೇಕ ಕುಟುಂಬಗಳು ರಬ್ಬರ್ ತೋಟಗಳ ಕೆಲಸಕ್ಕಾಗಿ ಮಲಯ ದೇಶಕ್ಕೆ ಹೋದವು. ಅದೇ ಇಂದಿನ ಮಲೇಷ್ಯಾ. ಅಲ್ಲಿಯ ಮಲಯ ಹೆಂಗಸರ ಹಳೆಯ ಉಡುಗೆಗೆ 'ಬಾಜು ಕುರುಂಗ್' ಎಂದು ಹೆಸರು. ಮೊಣಕಾಲಿನವರೆಗೆ ಇಳಿಯುವ ಸಡಿಲವಾದ ಮೇಲಂಗಿ ಮತ್ತು ಉದ್ದ ಲಂಗ, ಇಷ್ಟೇ. ಅದನ್ನು ಅವರು ಹಬ್ಬಕ್ಕೆಂದು ಮಾತ್ರ ಎತ್ತಿಡಲಿಲ್ಲ. ಶಾಲೆಯ ಎಷ್ಟೋ ಹುಡುಗಿಯರು ಸಮವಸ್ತ್ರವಾಗಿ ಅದನ್ನೇ ತೊಡುತ್ತಾರೆ. ಕಚೇರಿಗೂ ತೊಟ್ಟು ಹೋಗುತ್ತಾರೆ. 'ಕೆಬಾಯ' ಎಂಬ ಇನ್ನೊಂದು ಮೇಲಂಗಿಯನ್ನು ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರ, ಬ್ರೂನೈ, ಥಾಯ್ಲೆಂಡ್ ಈ ಐದೂ ದೇಶಗಳು ಒಟ್ಟಾಗಿ ತಮ್ಮದೆಂದು ಹೇಳಿದವು. 2024ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 'ನನ್ನದು, ನಿನ್ನದು' ಎಂದು ಜಗಳವಾಡದೆ 'ನಮ್ಮೆಲ್ಲರದು' ಎಂದದ್ದು ಮೆಚ್ಚಬೇಕಾದ ಸಂಗತಿ. ಮೂರು ಭಾಷೆಗಳ ನಮ್ಮ ಸೀಮೆಗೂ ಈ ಮಾತು ಒಪ್ಪುತ್ತದೆ.

ಹಾಗಾದರೆ ನಾವು ಏನು ಮಾಡಬಹುದು? ಯಾರಿಗೂ ಬಲವಂತ ಮಾಡಬೇಕಿಲ್ಲ. ಬಲವಂತದಿಂದ ಉಟ್ಟ ಬಟ್ಟೆಯ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಅಜ್ಜಿಯ ಪೆಟ್ಟಿಗೆಯನ್ನು ಒಮ್ಮೆ ತೆರೆಸಿರಿ. ಈ ಸೀರೆ ಯಾವ ಊರಿನದು, ಇದರ ಅಂಚಿನ ಹೆಸರೇನು, ಯಾವಾಗ ಕೊಂಡದ್ದು ಎಂದು ಕೇಳಿರಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಅದೇ ದಿನ ಆರಂಭವಾದ ಸ್ವದೇಶಿ ಚಳವಳಿಯ ನೆನಪಿಗಾಗಿ 2015ರಿಂದ ಇದನ್ನು ಆಚರಿಸಲಾಗುತ್ತಿದೆ. ಆ ದಿನ ಮಗ್ಗವಿರುವ ಒಂದು ಊರಿಗೆ ಕರೆದೊಯ್ಯುವಂತೆ ಗುರುಗಳನ್ನು ಕೇಳಬಹುದು. ಮನೆಯಲ್ಲಿ ಹಬ್ಬಕ್ಕೆ ನಾಲ್ಕು ಬಟ್ಟೆ ತರುವಾಗ ಒಂದಾದರೂ ಕೈಮಗ್ಗದ್ದು ಇರಲಿ ಎಂದು ಹೇಳಬಹುದು. ಅದು ಅಮ್ಮನ ಸೀರೆಯೇ ಆಗಬೇಕೆಂದಿಲ್ಲ. ಅಪ್ಪನ ಪಂಚೆ ಆಗಬಹುದು, ಅಕ್ಕನ ಚೂಡಿದಾರಕ್ಕೆ ಕೈಮಗ್ಗದ ಬಟ್ಟೆ ಆಗಬಹುದು, ನಿಮ್ಮ ಅಂಗಿಯೂ ಆಗಬಹುದು.

ಸೀರೆ ಬೇಕೆನಿಸಿದ ದಿನ ಉಡಲು ಅದು ಇರಬೇಕು. ಬೇಡವೆನಿಸಿದ ದಿನ ಬೇರೆ ಉಡುಪು ತೊಡುವ ಸ್ವಾತಂತ್ರ್ಯವೂ ಇರಬೇಕು. ಎರಡೂ ಇದ್ದಾಗ ಪೆಟ್ಟಿಗೆ ತಾನಾಗಿ ತೆರೆಯುತ್ತದೆ ಎಂದು ನಾನು ನಂಬಿದ್ದೇನೆ. ನಿಮ್ಮ ಅಭಿಪ್ರಾಯ ಇದಕ್ಕಿಂತ ಬೇರೆಯಾಗಿರಬಹುದು. ಅಜ್ಜಿ, ಅಮ್ಮ, ಅಕ್ಕ ಮೂವರನ್ನೂ ಕೇಳಿ, ಅವರ ಮಾತುಗಳನ್ನು ಬರೆದುಕೊಂಡು ತರಗತಿಯಲ್ಲಿ ಚರ್ಚಿಸಿರಿ.