ನಾಲ್ಕು ಮಾತು, ಅದೂ ಕನ್ನಡದಲ್ಲಿ

ಕೆಲವು ತಿಂಗಳ ಹಿಂದೆ, ನಮ್ಮ ಕನ್ನಡ ಗೆಳೆಯರ ಭಾನುವಾರದ ಚಹಾ ಹರಟೆಯಲ್ಲಿ ಒಬ್ಬರು ಹೇಳಿದರು: "ಈ ಸೈಟಿನ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ, ಮಕ್ಕಳಿಗೆ ಲಸಿಕೆ ಹಾಕ್ಸೋದಿಲ್ಲ. ಅಜ್ಞಾನ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆ ತಲೆಯಾಡಿಸಿದ ತಪ್ಪಿಗೆ ಈ ಲೇಖನ.

ನಾನಿರುವುದು ಕಾತ್ರಜದಲ್ಲಿ, ಕೋಂಢವಾ ಕಡೆ ಹೋಗುವ ರಸ್ತೆಯ ಬದಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಅದನ್ನು ಕಟ್ಟುವವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರೇ ಹೆಚ್ಚು. ಸಂಜೆ ನೀರಿನ ಟ್ಯಾಂಕಿನ ಹತ್ತಿರ ನಿಂತರೆ ಕೇಳುವುದು ಕನ್ನಡ, ಅದರ ನಡುವೆ ಲಂಬಾಣಿ. ಮೂರು ವರ್ಷ ನಾನು ಆ ಟ್ಯಾಂಕಿನ ಪಕ್ಕದಲ್ಲೇ ಕಾರು ನಿಲ್ಲಿಸಿದ್ದೇನೆ, ಒಂದು ದಿನವೂ ನಿಂತು ಮಾತಾಡಿರಲಿಲ್ಲ.

ಆ ಹರಟೆಯಾದ ಮೇಲೆ ಒಂದು ಸಂಜೆ ನಿಂತೆ. ವಿಜಯಪುರ ಜಿಲ್ಲೆಯ ಒಂದು ತಾಂಡಾದ ಹೆಣ್ಣುಮಗಳು, ಇಬ್ಬರು ಮಕ್ಕಳು. ಎರಡು ತಾಯಿ ಕಾರ್ಡುಗಳನ್ನೂ ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದು ತೋರಿಸಿದಳು. ಊರಲ್ಲಿ ಹುಟ್ಟಿದ ದೊಡ್ಡವನ ಕಾರ್ಡಿನಲ್ಲಿ ಒಂದು ಖಾನೆಯೂ ಖಾಲಿಯಿಲ್ಲ. ಪುಣೆಯಲ್ಲಿ ಹುಟ್ಟಿದ ಎಂಟು ತಿಂಗಳ ಕೂಸಿನ ಕಾರ್ಡಿನಲ್ಲಿ ಆರನೇ ವಾರದ ಚುಚ್ಚುಮದ್ದು ಮಾತ್ರ. ಹತ್ತನೇ ವಾರ, ಹದಿನಾಲ್ಕನೇ ವಾರ ಖಾಲಿ.

ಯಾಕೆ ಅಂತ ಕೇಳಿದೆ. "ಊರಾಗ ಆಶಾ ಅಕ್ಕ ಮನಿಗೇ ಬಂದು ಹೇಳ್ತಿದ್ಲು ನೋಡ್ರಿ. ಇಲ್ಲಿ ಬಾಯಿ ಏನೋ ಹೇಳಿದ್ರು, ನಾ ಹ್ಞೂಂ ಅಂದೆ. ಆ ರಾತ್ರಿ ಕೂಸಿಗೆ ಮೈ ಕೆಂಡ ಆತು. ಏನೋ ತಪ್ಪ ಮದ್ದು ಹಾಕ್ಯಾರಂತ ಅಂಜಿದ್ವಿ. ಎರಡ ದಿನದ ಪಗಾರ ಹೋತು. ಮತ್ಯಾಕ ಹೋಗ್ಲಿ?"

ಅದೇ ತಾಯಿ, ಅದೇ "ಅಜ್ಞಾನ". ಊರಲ್ಲಿ ಕಾರ್ಡು ತುಂಬಿತು, ಪುಣೆಯಲ್ಲಿ ತುಂಬಲಿಲ್ಲ. ಬದಲಾದದ್ದು ಅವಳಲ್ಲ, ಅವಳಿಗೆ ಹೇಳುವವರ ಮಾತು.

ಮಗುವಿಗೆ ಲಸಿಕೆ ಹಾಕಿದಾಗ ತಾಯಿಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮ ದೇಶದ ಲಸಿಕಾ ಕಾರ್ಯಕ್ರಮವೇ ನರ್ಸುಗಳಿಗೆ ಕಲಿಸುತ್ತದೆ. ಯಾವ ಲಸಿಕೆ, ಯಾವ ರೋಗ ತಡೆಯುತ್ತದೆ. ಏನು ತೊಂದರೆ ಆಗಬಹುದು, ಆದರೆ ಏನು ಮಾಡಬೇಕು. ಮುಂದೆ ಯಾವಾಗ ಬರಬೇಕು. ಕಾರ್ಡು ಜೋಪಾನ, ಮುಂದಿನ ಸಲ ತನ್ನಿ. ಇಷ್ಟೇ. ಪೆಂಟಾವೇಲೆಂಟ್ ಆದಮೇಲೆ ಜ್ವರ ಬರುವುದು ಸಾಮಾನ್ಯ. ಮೊದಲೇ ತಿಳಿದಿದ್ದರೆ ಅದು ಬರೀ ಜ್ವರ. ತಿಳಿಯದಿದ್ದರೆ ವಿಷ. ಆ ನಾಲ್ಕು ಮಾತು ಮರಾಠಿಯಲ್ಲಿ ಹೇಳಿರಬಹುದು. ಇವಳಿಗೆ ಮುಟ್ಟಿದ್ದು ನಾಲ್ಕನೆಯದು ಮಾತ್ರ, ಅದೂ ಕಾರ್ಡು ಕೈಗೆ ಕೊಟ್ಟಿದ್ದರಿಂದ.

ಮರಾಠಿ ನರ್ಸ್ ತಾಯಿಯನ್ನು ನಾನು ಬೈಯುತ್ತಿಲ್ಲ. ಬಿಸಿಲಲ್ಲಿ ಐಸ್ ಡಬ್ಬಿ ಹೊತ್ತು ಶೆಡ್ಡಿನಿಂದ ಶೆಡ್ಡಿಗೆ ನಡೆಯುವವರು ಅವರೇ, ನಾವಲ್ಲ. "ಇಲ್ಲಿಗೆ ಬಂದಮೇಲೆ ಮರಾಠಿ ಕಲೀಲಿ" ಅನ್ನುವವರಿಗೆ ಒಂದು ಮಾತು. ಹತ್ತು ವರ್ಷವಾದರೂ ತರಕಾರಿಯವಳ ಜೊತೆ ಹಿಂದಿಯಲ್ಲೇ ಚೌಕಾಸಿ ಮಾಡುವ ನಾವು ಅದನ್ನು ಹೇಳುವುದು ಬೇಡ.

ಬೆದರಿಸಿ ಆರೋಗ್ಯ ಕಾಪಾಡಲು ಹೊರಟರೆ ಏನಾಗುತ್ತದೆ ಅಂತ ಈ ಪುಣೆಗಿಂತ ಚೆನ್ನಾಗಿ ಯಾವ ಊರಿಗೂ ಗೊತ್ತಿಲ್ಲ. 1897ರ ಪ್ಲೇಗಿನಲ್ಲಿ ಸೈನಿಕರು ಮನೆಮನೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಜನ ರೋಗವನ್ನೇ ಬಚ್ಚಿಟ್ಟರು. ಆ ವರ್ಷ ಜೂನ್ 22ರಂದು ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡಿಕ್ಕಿದರು. ಮರುವರ್ಷ, 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್ನರ ಪ್ಲೇಗ್ ಲಸಿಕೆ ಚುಚ್ಚಿಸಿಕೊಂಡರು. ನಮ್ಮ ಕಡೆಯವರಿಗೆ ಸೂಜಿಯ ಭಯ ಹುಟ್ಟಿನಿಂದಲೇ ಬಂದದ್ದು ಅನ್ನುವವರು ಇದನ್ನು ನೆನಪಿಡಲಿ.

2021 ಅಂತೂ ನಾವೇ ಕಂಡದ್ದು. ಕೋವಿಶೀಲ್ಡ್ ತಯಾರಾದದ್ದು ಇದೇ ಊರಿನಲ್ಲಿ. ಆದರೆ ಮೇ ತಿಂಗಳಲ್ಲಿ ಹದಿನೆಂಟು ದಾಟಿದವರಿಗೆ ಲಸಿಕೆ ತೆರೆದಾಗ ಬಾಗಿಲಲ್ಲಿ ನಿಂತದ್ದು ಇಂಗ್ಲಿಷಿನ ಕೋವಿನ್. ಕನ್ನಡ ಅದರಲ್ಲಿ ಬರುವಷ್ಟರಲ್ಲಿ ಜೂನ್ ಆಗಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತು ಸ್ಲಾಟ್ ಹಿಡಿದವರು ನಾವು. ಆಮೇಲೆ "ಕೂಲಿಯವರು ಲಸಿಕೆಗೆ ಮುಂದೆ ಬರ್ತಿಲ್ಲ" ಅಂದವರೂ ನಾವೇ. ಲಸಿಕೆಯ ಬಗ್ಗೆ ಆಗ ನನಗೆ ಬಂದ ಸುಳ್ಳು ಫಾರ್ವರ್ಡುಗಳಲ್ಲಿ ಒಂದೂ ತಗಡಿನ ಶೆಡ್ಡಿನಿಂದ ಬಂದದ್ದಲ್ಲ. ಎಲ್ಲ ಬಂದದ್ದು ನಮ್ಮ ಸೊಸೈಟಿ ಗ್ರೂಪಿನಿಂದ, ಡಿಗ್ರಿ ಪಡೆದವರಿಂದ.

ಪೋಲಿಯೋ ಹೋದದ್ದು ಹೇಗೆ? 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋದ ಒಂದು ಪ್ರಕರಣವೂ ಇಲ್ಲ. ಉತ್ತರ ಪ್ರದೇಶದ ಓಣಿಗಳಲ್ಲಿ ಬಾಗಿಲು ತೆರೆಸಿದ್ದು ಪೋಸ್ಟರಲ್ಲ. ಅದೇ ಓಣಿಯ ಹೆಂಗಸರು, ಅದೇ ಮಸೀದಿಯ ಇಮಾಮರು, ಅದೇ ಮಾತು.

ನಾನೂ ಒಂದು ಪೋಸ್ಟರ್ ಮಾಡಿದ್ದೆ. ಚೆಂದದ ಕನ್ನಡ, ಚೆಂದದ ಅಕ್ಷರ. ನಮ್ಮ ಗ್ರೂಪಿಗೆ ಹಾಕಿದೆ, ಬಹಳ ಲೈಕು ಬಂತು. ಅದನ್ನು ನೋಡಿದ ಎಲ್ಲರ ಮಕ್ಕಳಿಗೂ ಲಸಿಕೆ ಆಗಿತ್ತು.

ದಡಾರದ ಲೆಕ್ಕ ಕೇಳಿ. ಅದು ಹಬ್ಬದಿರಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 2022ರ ಕೊನೆಗೆ ಮುಂಬಯಿಯ ಗೋವಂಡಿಯಲ್ಲಿ ದಡಾರಕ್ಕೆ ಮಕ್ಕಳು ಸತ್ತರು. ಒಂದೇ ಗಾಳಿ ಉಸಿರಾಡುವ ಶೆಡ್ಡುಗಳ ಸಾಲು ಇಲ್ಲೂ ಇದೆ.

ನವೆಂಬರಿನಲ್ಲಿ ಭುವನೇಶ್ವರಿಯ ಫೋಟೋಕ್ಕೆ ಹಾರ ಹಾಕಿ, ಇಡ್ಲಿ ತಿಂದು, ಪುಣೆಯಲ್ಲಿ ಕನ್ನಡ ಉಳಿಸಿದೆವು ಅನ್ನುತ್ತೇವೆ. ಕನ್ನಡ ಇಲ್ಲಿ ಉಳಿದೇ ಇದೆ, ಗಾರೆ ಹೊರುತ್ತಿದೆ. ಅದಕ್ಕೆ ಬೇಕಿರುವುದು ಹಾರವಲ್ಲ, ತನ್ನ ಮಾತಿನಲ್ಲಿ ಎರಡು ನಿಮಿಷ. ಲಸಿಕೆಯ ದಿನ ಒಬ್ಬರು ಜೊತೆ ನಿಲ್ಲಿ. ಆಗದಿದ್ದರೆ ನರ್ಸಿಗೆ ನಿಮ್ಮ ನಂಬರು ಕೊಡಿ, ಫೋನಿನಲ್ಲೇ ಹೇಳಿ. ಸಂಜೆ ಕೆಲಸ ಬಿಟ್ಟ ಮೇಲೆ ಹೋಗಿ, ಮುಕಾದಮನನ್ನು ಜೊತೆಗೆ ಕರೆದುಕೊಳ್ಳಿ. ಜ್ವರದ ಮಾತು ಮೊದಲು ಹೇಳಿ, "ಏನೂ ಆಗೋದಿಲ್ಲ" ಅನ್ನಬೇಡಿ. ಸರ್ಕಾರಿ ಕೇಂದ್ರದಲ್ಲಿ ಲಸಿಕೆ ಪುಕ್ಕಟೆ, ಯಾವ ಊರಿನ ಕಾರ್ಡಿದ್ದರೂ ಹಾಕುತ್ತಾರೆ ಅಂತ ಹೇಳಿ.

ಆ ಕೂಸಿನ ಎರಡನೇ ಡೋಸಿನ ದಿನ ನಾನು ಹೋಗಿದ್ದೆ. ನರ್ಸ್ ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದೆ, ಎರಡು ನಿಮಿಷವೂ ಹಿಡಿಯಲಿಲ್ಲ. ರಾತ್ರಿ ಜ್ವರ ಬಂತು. ಬೆಳಿಗ್ಗೆ ಅವಳು, "ಬಂತ್ರಿ, ನೀವು ಹೇಳಿದಂಗ ಔಷಧ ಹಾಕೀನಿ, ಇಳದೈತಿ" ಅಂದಳು, ಕೆಲಸಕ್ಕೆ ಹೋದಳು.

ಮೂರನೇ ಡೋಸ್ ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಸ್ಲ್ಯಾಬ್ ಕೆಲಸ ಮುಗಿದು ಅವರ ಗುಂಪು ಬೇರೆ ಸೈಟಿಗೆ ಹೋಯಿತು. ಹಿಂಜವಡಿ ಕಡೆ ಅಂತ ಮುಕಾದಮ ಹೇಳಿದ. ಹಿಂಜವಡಿಯಲ್ಲಿ ಕೆಲಸ ಮಾಡುವ ಕನ್ನಡಿಗರು ಇದನ್ನು ಓದುತ್ತೀರಿ ಅಂತ ನನಗೆ ಗೊತ್ತು. ನಿಮ್ಮ ಆಫೀಸಿನ ಹಿಂದೆ ಏಳುತ್ತಿರುವ ಕಟ್ಟಡದ ಹತ್ತಿರ ಇವತ್ತು ಸಂಜೆ ಒಮ್ಮೆ ನಿಲ್ಲಿ. ಕಾರ್ಡು ಅವಳ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಕೇಳಿದರೆ ತೋರಿಸುತ್ತಾಳೆ.