ಸೇಬಿಗೂ ಒಂದು ಹೆಸರಿದೆ



ರಮಝಾನ್ ಬಂದರೆ ಖರ್ಜೂರವನ್ನು ನಾವು ಹೆಸರು ಹಿಡಿದೇ ಕೇಳುತ್ತೇವೆ. ಅಜ್ವಾ ಎಷ್ಟು, ಮಬ್ರೂಮ್ ಇದೆಯಾ, ಕಿಮಿಯಾ ಹೊಸತಾ? ಮಾವಿನ ಹಣ್ಣಿಗೂ ಹಾಗೆಯೇ. ಆದರೆ ಸೇಬಿನ ಮುಂದೆ ನಿಂತಾಗ ಬಾಯಿಗೆ ಬರುವುದು ಒಂದೇ ಪ್ರಶ್ನೆ: ಕಾಶ್ಮೀರದ್ದೋ, ಸಿಮ್ಲಾದ್ದೋ? ಅದು ಊರಿನ ಹೆಸರಾಯಿತೇ ಹೊರತು ಹಣ್ಣಿನ ಹೆಸರಾಗಲಿಲ್ಲ.

ತಮಾಷೆಯೆಂದರೆ, ಈ ಎರಡೂ ಕಡೆಯಿಂದ ನಮ್ಮ ಪೇಟೆಗೆ ಬರುವ ಕೆಂಪು ಸೇಬು ಹೆಚ್ಚಾಗಿ ಒಂದೇ ಜಾತಿಯದು, ರೆಡ್ ಡೆಲಿಶಿಯಸ್. ಅದರ ತವರು ಅಮೆರಿಕದ ಅಯೋವಾ. 19ನೇ ಶತಮಾನದ ಕೊನೆಯ ಭಾಗದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡವದು. ಸಾಲು ತಪ್ಪಿ ಹುಟ್ಟಿದೆಯೆಂದು ಆತ ಕಡಿದರೂ ಮತ್ತೆ ಚಿಗುರಿತಂತೆ! 1916ರಲ್ಲಿ ಸ್ಯಾಮ್ಯುವೆಲ್ ಸ್ಟೋಕ್ಸ್ ಎಂಬ ಅಮೆರಿಕನ್ ಅದರ ಸಸಿಗಳನ್ನು ಸಿಮ್ಲಾ ಸೀಮೆಯ ಕೋಟ್‌ಗಢದಲ್ಲಿ ನೆಟ್ಟರು. ಮುಂದೆ ಕಾಶ್ಮೀರದ ತೋಟಗಳಲ್ಲೂ ಅದೇ ತುಂಬಿತು.

ಹಾಗಾದರೆ ಕಾಶ್ಮೀರದ ಸ್ವಂತ ಸೇಬು ಯಾವುದು? ಅಂಬ್ರಿ. ಶೋಪಿಯಾನ್ ಕಡೆಯದು ಬಹಳ ಹೆಸರುವಾಸಿ. ಅದು ಪೂರ್ತಿ ಕೆಂಪಲ್ಲ, ತಿಳಿ ಮೈಮೇಲೆ ಕೆಂಪು ಗೆರೆಗಳು. ಒಳಗೆ ಬೆಳ್ಳಗಿನ ಗರಿಗರಿ ತಿರುಳು, ಒಳ್ಳೆಯ ಸಿಹಿ. ಪರಿಮಳವೇ ಅದರ ದೊಡ್ಡ ಗುಣ. ಕೊಯ್ಲು ತಡವಾಗಿ, ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ. ಕೋಲ್ಡ್ ಸ್ಟೋರೇಜ್ ಇಲ್ಲದ ಕಾಲದಲ್ಲೂ ಚಳಿಗಾಲವಿಡೀ ಕೆಡದೆ ಉಳಿಯುತ್ತಿದ್ದ ಹಣ್ಣು. ಕಣಿವೆಯಲ್ಲಿ ಬೇಸಿಗೆಯಲ್ಲೇ ಮಾಗುವ ಹಝ್ರತ್‌ಬಲಿ, ಹುಳಿ ಹೆಚ್ಚಿರುವ ಮಹಾರಾಜಿ ಎಂಬವೂ ಇವೆ. ಅವುಗಳ ಮಾತು ಇನ್ನೊಮ್ಮೆ.

ಕಳೆದ ವರ್ಷ ನಮ್ಮ ತರಗತಿಯ ಹುಡುಗಿಯೊಬ್ಬಳು ಸೇಬಿನ ಬೀಜವನ್ನು ಕುಂಡದಲ್ಲಿ ಊರಿ, "ಟೀಚರ್, ಇದೇ ಹಣ್ಣು ಬರುತ್ತದಾ?" ಎಂದು ಕೇಳಿದ್ದಳು. ಬರುವುದಿಲ್ಲ. ಸೇಬಿನ ಬೀಜ ಎಂದೂ ತಾಯಿಮರದ ಪಡಿಯಚ್ಚಾಗದು. ಒಂದು ಹಣ್ಣಿನಲ್ಲಿ ಐದು ಬೀಜವಿದ್ದರೆ ಐದು ಬೇರೆ ಬೇರೆ ಮರಗಳು. ಅದೇ ಹಣ್ಣು ಬೇಕೆಂದರೆ ಆ ಮರದ ಕಡ್ಡಿಯನ್ನೇ ಇನ್ನೊಂದು ಗಿಡಕ್ಕೆ ಕಸಿ ಕಟ್ಟಬೇಕು. ಅಂದರೆ ಇಂದಿನ ಅಂಬ್ರಿಯೂ ತಲೆಮಾರುಗಳಿಂದ ಯಾರೋ ಕೈಯಾರೆ ಕಸಿ ಕಟ್ಟುತ್ತಾ ಬಂದದ್ದರಿಂದಲೇ ಉಳಿದಿರುವುದು. ಆ ಕೈ ನಿಂತರೆ, ಮರ ಮುದಿಯಾದಂತೆ ಆ ಹಣ್ಣೂ ಮುಗಿಯಿತು.

ಕೈ ನಿಲ್ಲುತ್ತಲೂ ಇದೆ. ಅಂಬ್ರಿ ಮರ ಫಲ ಕೊಡಲು ಬಹಳ ವರ್ಷ ಕಾಯಿಸುತ್ತದೆ, ಆಮೇಲೂ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತದೆ. ಡೆಲಿಶಿಯಸ್ ಬೇಗ ಬಿಡುತ್ತದೆ, ರಾಶಿ ಬಿಡುತ್ತದೆ. ಮಕ್ಕಳ ಫೀಸು, ಮಗಳ ಮದುವೆ ಎಲ್ಲವನ್ನೂ ತೋಟದಿಂದಲೇ ನೋಡಬೇಕಾದವನು ಯಾವುದನ್ನು ನೆಟ್ಟಾನು? ಅವನನ್ನು ದೂರುವಂತಿಲ್ಲ. ಶ್ರೀನಗರದ ಕೃಷಿ ವಿಶ್ವವಿದ್ಯಾಲಯದವರು ಅಂಬ್ರಿಯನ್ನು ರೆಡ್ ಡೆಲಿಶಿಯಸ್ ಜೊತೆ ಕೂಡಿಸಿ 'ಲಾಲ್ ಅಂಬ್ರಿ' ಎಂಬ ತಳಿ ಮಾಡಿದ್ದಾರೆ. ಒಳ್ಳೆಯದೇ, ಆದರೆ ಅದು ಅಂಬ್ರಿಯ ಮಗಳು, ಅಂಬ್ರಿಯಲ್ಲ.

ಇನ್ನು ಆ ಕೆಂಪಿನ ಕಥೆ. ಗಿರಾಕಿಗಳು ಬಣ್ಣ ನೋಡಿಯೇ ಕೊಳ್ಳುತ್ತಾರೆಂದು ಅಮೆರಿಕದವರು ವರ್ಷ ವರ್ಷ ಇನ್ನೂ ಕೆಂಪಾದ ಕೊಂಬೆಗಳನ್ನೇ ಆರಿಸಿ ಕಸಿ ಕಟ್ಟಿದರು. ಸಿಪ್ಪೆ ದಪ್ಪವಾಯಿತು, ರುಚಿ ಹೋಯಿತು. ಕೊನೆಗೆ 2018ರಲ್ಲಿ ಅಲ್ಲಿಯೇ ಗಾಲಾ ಸೇಬು ಅದನ್ನು ಹಿಂದೆ ಹಾಕಿತು.

ಇದನ್ನೆಲ್ಲ ಓದಿದ ಮೇಲೆ ನಮ್ಮ ಪೇಟೆಯ ಹಣ್ಣಿನವನಲ್ಲಿ ಅಂಬ್ರಿ ಕೇಳಿದೆ. ಒಂದೆರಡು ಸಲ ಪೆಟ್ಟಿಗೆ ಬಂದಿತ್ತಂತೆ. "ಯಾರೂ ತಗೊಳ್ಳಲಿಲ್ಲ ಟೀಚರ್," ಎಂದ, "ಕೆಂಪಿಲ್ಲ, ಹಣ್ಣಾಗಿಲ್ಲ ಅಂತ ವಾಪಸ್ ಇಟ್ಟು ಹೋದರು."

ವಾಪಸ್ ಇಟ್ಟವರಲ್ಲಿ ನಾನೂ ಇದ್ದೆನೋ ಏನೋ.